ಹಳೇ ಜೀಪಿನ ಸೆಲ್ಫ್ ಒಮ್ಮೆ ತಗೊಂಡು ಒಮ್ಮೆ ಕೈಕೊಟ್ಟರೆ: ಮೈಸೂರು–ಮಂಡ್ಯದ ಸೆಲ್ಫ್ ರಿಪೇರಿ ಎಷ್ಟು ನಂಬಬಹುದು?

ಬೆಳಿಗ್ಗೆ ಕೀ ತಿರುಗಿಸಿದರೆ ಅರ್ಧ ಸುತ್ತಿಗೇ ಸ್ಟಾರ್ಟ್. ಸಂತೆಗೆ ಹೋಗಿ ಸಾಮಾನು ತುಂಬಿಕೊಂಡು ಮತ್ತೆ ತಿರುಗಿಸಿದರೆ ಬರೀ ಟಕ್. ಹತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಮಹೀಂದ್ರಾ ಎಂಎಂ540, ಡಿಐ (ಡೈರೆಕ್ಟ್ ಇಂಜೆಕ್ಷನ್ ಡೀಸೆಲ್) ಎಂಜಿನ್ನಿನ ಜೀಪು, ಮಾರುತಿ ಜಿಪ್ಸಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಟ ಇದು. ಮೈಸೂರು, ಮಂಡ್ಯದಲ್ಲಿ ಇದಕ್ಕೆ ಸಿಗುವ ಪರಿಹಾರ ಮೂರು ಬಗೆಯದು. ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸೆಲ್ಫ್ ಮೋಟಾರ್ (ಕೀ ತಿರುಗಿಸಿದಾಗ ಎಂಜಿನ್ನನ್ನು ಸುತ್ತಿಸಿ ಸ್ಟಾರ್ಟ್ ಮಾಡುವ ಮೋಟಾರು) ಬಿಚ್ಚಿಸಿ, ಸವೆದದ್ದನ್ನೆಲ್ಲ ಸರಿಪಡಿಸುವ ಓವರ್‌ಹಾಲ್ ಮಾಡಿಸಬಹುದು. ನಮ್ಮದನ್ನು ಕೊಟ್ಟು, ರಿಪೇರಿಯಾಗಿ ಕೂತಿರುವ ಬೇರೊಂದನ್ನು ಎಕ್ಸ್‌ಚೇಂಜಿನಲ್ಲಿ ತರಬಹುದು. ಇಲ್ಲವೇ ಹೊಸ ಮೋಟಾರನ್ನೇ ಹಾಕಿಸಬಹುದು. ಇವುಗಳಲ್ಲಿ ಯಾವುದಕ್ಕೆ ಯಾವಾಗ ದುಡ್ಡು ಹಾಕಬೇಕು, ಹಾಕಿದ ಮೇಲೆ ಏನನ್ನು ಕೇಳಿ ಪಡೆಯಬೇಕು ಎಂಬುದೇ ಈ ವಿಮರ್ಶೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬನ್ನಿಮಂಟಪ, ಮೇಟಗಳ್ಳಿ ಸುತ್ತಮುತ್ತ, ಮಂಡ್ಯದ ಹಳೇ ಹೆದ್ದಾರಿ ಬದಿಯಲ್ಲಿ ಇರುವಂಥ ಸಣ್ಣ ಅಂಗಡಿಗಳ ಕೈಕೆಲಸ ಒಳ್ಳೆಯದು. ಕಮ್ಯುಟೇಟರ್ (ಮೋಟಾರಿನ ಸುತ್ತುವ ಭಾಗಕ್ಕೆ ಕರೆಂಟು ಪಡೆಯುವ ತಾಮ್ರದ ಉರುಳೆ) ಲೇತಿಗೆ ಕೊಡುವುದು, ಬುಷ್ (ಸುತ್ತುವ ಕಡ್ಡಿಯನ್ನು ಹಿಡಿಯುವ ಕಂಚಿನ ಕೊಳವೆ) ಬದಲಿಸುವುದು, ಒಳಗೋಡೆಯ ತಂತಿಸುತ್ತಾದ ಫೀಲ್ಡ್ ಕಾಯಿಲ್‌ಗೆ ಹೊಸ ಬಟ್ಟೆ ಸುತ್ತಿ ವಾರ್ನಿಶ್ ಹೊಡೆಯುವುದು ಇವರಿಗೆ ನಿತ್ಯದ ಕೆಲಸ. ಟ್ರ್ಯಾಕ್ಟರು, ಲಾರಿಗಳ ಮೋಟಾರು ಬಿಚ್ಚಿ ಪಳಗಿದ ಕೈಗಳಿಗೆ ಜೀಪಿನ ಮೋಟಾರು ದೊಡ್ಡ ಮಾತಲ್ಲ. ಕೊರತೆ ಇರುವುದು ಬಿಚ್ಚುವ ಮುಂಚಿನ ಹಂತದಲ್ಲಿ. "ಮೋಟ್ರು ಹೋಗದೆ ಸಾ, ಬಿಚ್ಚಿಬುಡನ" ಎನ್ನುವ ಮಾತು ಬಾನೆಟ್ ಎತ್ತುವ ಮೊದಲೇ ಬಂದುಬಿಡುತ್ತದೆ. ಒಮ್ಮೆ ಬಂದು ಒಮ್ಮೆ ಹೋಗುವ ದೋಷವನ್ನು ಅದು ಇಲ್ಲದ ಹೊತ್ತಿನಲ್ಲಿ ಹುಡುಕಲಾಗದು. ಅಂಗಡಿಗೆ ಬಂದ ಗಾಡಿ ಸರಿಯಾಗಿಯೇ ಸ್ಟಾರ್ಟ್ ಆಗುತ್ತಿದ್ದರೆ ಮೆಕ್ಯಾನಿಕ್ ಊಹೆಯ ಮೇಲೆ ಬಿಚ್ಚುತ್ತಾನೆ, ನಾವು ಆ ಊಹೆಗೆ ಬಿಲ್ ಕಟ್ಟುತ್ತೇವೆ. ಹಾಗಾಗಿ ಓವರ್‌ಹಾಲ್ ಸೇವೆಗೆ ನನ್ನ ಶಿಫಾರಸು ಇದೆ, ಆದರೆ ದೋಷ ಎಲ್ಲಿದೆ ಎಂದು ಅಳೆದು ಗೊತ್ತುಮಾಡಿಕೊಂಡ ಮೇಲೆ ಮಾತ್ರ.

ಮೊದಲು ಶಬ್ದ ಕೇಳಿಸಿಕೊಳ್ಳಬೇಕು, ಹೆಡ್‌ಲೈಟ್ ಹಾಕಿಕೊಂಡೇ. ಟಕಟಕಟಕ ಎಂದು ಬಡಿದುಕೊಂಡು ಲೈಟು ಕಂದಿದರೆ ಬ್ಯಾಟರಿಯಲ್ಲೋ ದಪ್ಪ ಕೇಬಲ್ಲುಗಳಲ್ಲೋ ತೊಂದರೆ. ಒಂದೇ ಒಂದು ಗಟ್ಟಿ ಟಕ್, ಲೈಟು ಕಂದದಿದ್ದರೆ ಸೊಲೆನಾಯ್ಡ್ (ಮೋಟಾರಿಗೆ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು) ಒಳಗಿನ ತಾಮ್ರದ ಕಾಂಟ್ಯಾಕ್ಟ್ ಕರೆಂಟು ಬಿಡುತ್ತಿಲ್ಲ. ಟಕ್ ಎಂದು ಲೈಟು ಪೂರಾ ಸತ್ತಂತಾದರೆ ಮೋಟಾರು ಒಳಗೆ ಬಿಗಿದಿದೆ, ಅಥವಾ ಪಿನಿಯನ್ (ಮೋಟಾರಿನ ಪುಟ್ಟ ಹಲ್ಲುಚಕ್ರ) ಎಂಜಿನ್ನಿನ ದೊಡ್ಡ ಹಲ್ಲುಚಕ್ರವಾದ ರಿಂಗ್ ಗೇರ್‌ಗೆ ಸಿಕ್ಕಿಕೊಂಡಿದೆ, ಅಥವಾ ಬ್ಯಾಟರಿ ಟರ್ಮಿನಲ್ಲೇ ಸಡಿಲವಿದೆ. ಗುಂಯ್ ಎಂದು ಮೋಟಾರು ಮಾತ್ರ ಸುತ್ತಿ ಎಂಜಿನ್ ಅಲ್ಲಾಡದಿದ್ದರೆ ಬೆಂಡಿಕ್ಸಿನ (ಪಿನಿಯನ್ ಕೂತಿರುವ ಜೋಡಣೆ) ಒಮ್ಮುಖ ಕ್ಲಚ್ ಜಾರುತ್ತಿದೆ. ಕರ್ರ್ ಎಂದರೆ ಹಲ್ಲು ಸವೆದಿದೆ. ಏನೂ ಶಬ್ದವಿಲ್ಲದಿದ್ದರೆ ಇಗ್ನಿಷನ್ ಸ್ವಿಚ್ಚಿನ ಕಡೆಯ ತೊಂದರೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯಲು ಸೊಲೆನಾಯ್ಡ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ಸೊಲೆನಾಯ್ಡ್ ಮೇಲೆ ಎರಡು ದಪ್ಪ ಬೋಲ್ಟು, ಒಂದು ಸಣ್ಣ ಟರ್ಮಿನಲ್ ಇರುತ್ತವೆ. ಒಂದು ಬೋಲ್ಟಿಗೆ ಬ್ಯಾಟರಿಯಿಂದ ನೇರ ಕೇಬಲ್. ಇನ್ನೊಂದರಿಂದ ಮೋಟಾರಿನ ಒಳಕ್ಕೆ ತಾಮ್ರದ ಪಟ್ಟಿ. ಸಣ್ಣ ಟರ್ಮಿನಲ್ಲಿಗೆ ಕೀಯಿಂದ ಬರುವ ತಂತಿ. ಇವನ್ನು ಬ್ಯಾಟರಿ ಬೋಲ್ಟು, ಮೋಟಾರ್ ಬೋಲ್ಟು, ಕೀ ಟರ್ಮಿನಲ್ ಎಂದು ಕರೆಯೋಣ. ಒಳಗೆ ಎರಡು ಸುತ್ತು ತಂತಿ ಇದೆ. ಎಳೆಯುವ ಸುತ್ತು ದಪ್ಪ ತಂತಿಯದು, ಕೀ ಟರ್ಮಿನಲ್ಲಿಂದ ಹೊರಟು ಮೋಟಾರ್ ಬೋಲ್ಟಿಗೆ ಹೋಗಿ, ಮೋಟಾರಿನೊಳಗೆ ಕಮ್ಯುಟೇಟರಿಗೆ ಒತ್ತಿ ಕೂರುವ ಕಾರ್ಬನ್ ತುಂಡುಗಳಾದ ಬ್ರಷ್‌ಗಳ ಮೂಲಕವೇ ಅರ್ಥ್ ಆಗುತ್ತದೆ, ಅಂದರೆ ಬ್ಯಾಟರಿಯ ನೆಗೆಟಿವ್ ಸೇರುತ್ತದೆ. ಹಿಡಿದಿಡುವ ಸುತ್ತು ತೆಳುವಾದದ್ದು, ನೇರವಾಗಿ ಬಾಡಿಗೆ ಅರ್ಥ್ ಆಗುತ್ತದೆ. ಎರಡೂ ಸೇರಿ ಪ್ಲಂಜರನ್ನು (ನಡುವಿನ ಕಬ್ಬಿಣದ ಕಡ್ಡಿ) ಒಳಕ್ಕೆ ಎಳೆದ ಕೂಡಲೇ ತಾಮ್ರದ ಬಿಲ್ಲೆ ಎರಡು ಬೋಲ್ಟುಗಳನ್ನು ಕೂಡಿಸುತ್ತದೆ. ಆಗ ಎಳೆಯುವ ಸುತ್ತಿನ ಎರಡೂ ತುದಿಗೆ ಒಂದೇ ವೋಲ್ಟೇಜ್ ಬಂದು ಅದರ ಕೆಲಸ ನಿಲ್ಲುತ್ತದೆ, ಮುಂದೆ ಹಿಡಿದಿಡುವ ಸುತ್ತು ಸಾಕು.

ಇದರಿಂದ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ಎರಡು ಸಂಗತಿ ಹೊರಡುತ್ತವೆ. ಬ್ರಷ್ ಪೂರ್ತಿ ಸವೆದು ಕಮ್ಯುಟೇಟರ್ ಮುಟ್ಟದಿದ್ದರೆ ಎಳೆಯುವ ಸುತ್ತಿಗೆ ಅರ್ಥ್ ಸಿಗುವುದಿಲ್ಲ, ಹಾಗಾಗಿ ಟಕ್ ಶಬ್ದವೂ ಬರುವುದಿಲ್ಲ. ದೋಷ ಮೋಟಾರಿನ ಹೊಟ್ಟೆಯಲ್ಲಿದ್ದರೂ ಇಗ್ನಿಷನ್ ಸ್ವಿಚ್ಚನ್ನೋ ಸೊಲೆನಾಯ್ಡನ್ನೋ ಬದಲಿಸುತ್ತಾರೆ. ಇನ್ನೊಂದು: ಬ್ಯಾಟರಿ ಹೊಚ್ಚ ಹೊಸದಿದ್ದು, ಕೇಬಲ್ ಸರಿಯಿದ್ದು, ಟಕಟಕ ಬಡಿದುಕೊಳ್ಳುತ್ತಿದ್ದರೆ ಹಿಡಿದಿಡುವ ಸುತ್ತು ಕಡಿದಿರುತ್ತದೆ. ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಅದಕ್ಕೆ ಇನ್ನೊಂದು ಬ್ಯಾಟರಿ ತಂದರೆ ಏನೂ ಆಗದು.

ಬಿಸಿಯಾದಾಗ ಮಾತ್ರ ಕೈಕೊಡುವುದೇಕೆ? ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು ಶೇ 0.39ರಂತೆ ಏರುತ್ತದೆ. ಎಂಜಿನ್ ಶಾಖಕ್ಕೆ ಸೊಲೆನಾಯ್ಡ್ 60 ಡಿಗ್ರಿ ಹೆಚ್ಚು ಕಾದರೆ ಅದರ ಸುತ್ತುಗಳ ರೆಸಿಸ್ಟೆನ್ಸ್ ಶೇ 23ರಷ್ಟು ಏರಿ, ಕರೆಂಟು ಇಳಿದು ಎಳೆಯುವ ಬಲ ಕುಗ್ಗುತ್ತದೆ. ಇದರ ಮೇಲೆ ಹಳೇ ಇಗ್ನಿಷನ್ ಸ್ವಿಚ್ಚು, ಕಪ್ಪಾದ ಕನೆಕ್ಟರುಗಳು, ಮಾರುದ್ದದ ಸಣ್ಣ ತಂತಿ. ಎಳೆಯುವ ಕ್ಷಣದಲ್ಲಿ ದೊಡ್ಡ ಸೊಲೆನಾಯ್ಡ್ 30ರಿಂದ 40 ಆಂಪಿಯರ್ ಕೇಳುತ್ತದೆ. ನಾಲೆಯ ಕೊನೇ ಗದ್ದೆಗೆ ನೀರು ತಲುಪದ ಹಾಗೆ, ದಾರಿಯುದ್ದಕ್ಕೂ ಸೋರಿದ ವೋಲ್ಟೇಜು ಸೊಲೆನಾಯ್ಡ್ ತಲುಪುವಷ್ಟರಲ್ಲಿ 8 ವೋಲ್ಟಿಗೆ ಇಳಿದಿರುತ್ತದೆ. ತಣ್ಣಗಿದ್ದಾಗ ಅಷ್ಟರಲ್ಲೇ ಎಳೆಯುತ್ತದೆ, ಕಾದಾಗ ಎಳೆಯಲಾರದು. ಎರಡೂ ಅರೆಬರೆ ದೋಷ, ಕೂಡಿದಾಗಲೇ ಕಾಟ. ಹಾಗಾಗಿಯೇ ಗ್ಯಾರೇಜು ತಲುಪುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತದೆ.

ಇಂಥ ದೋಷವನ್ನು ಹಿಡಿಯಲು ಅತಿ ಅಗ್ಗದ, ಅತಿ ನಂಬಿಕೆಯ ಉಪಾಯ ಡ್ಯಾಶ್‌ಬೋರ್ಡ್ ಮೇಲೆ ಎರಡು ಬಲ್ಬು. 12 ವೋಲ್ಟಿನ 5 ವ್ಯಾಟ್ ಪಾರ್ಕಿಂಗ್ ಬಲ್ಬು ಎರಡು, ಹೋಲ್ಡರ್ ಸಮೇತ ತನ್ನಿ. ಎಲ್‌ಇಡಿ ಬೇಡ, ಅವುಗಳಲ್ಲಿ ಹಲವು 8 ವೋಲ್ಟಿಗೂ 12 ವೋಲ್ಟಿಗೂ ಹೆಚ್ಚುಕಡಿಮೆ ಒಂದೇ ಥರ ಉರಿಯುತ್ತವೆ. ಫಿಲಮೆಂಟ್ ಬಲ್ಬು ಮಂಕಾಗುವುದೇ ನಮಗೆ ಬೇಕಾದ ಸುದ್ದಿ. ಮೊದಲನೆಯದಕ್ಕೆ ಕೀ ಟರ್ಮಿನಲ್ಲಿಂದ, ಎರಡನೆಯದಕ್ಕೆ ಮೋಟಾರ್ ಬೋಲ್ಟಿಂದ ತಂತಿ ಎಳೆಯಿರಿ. 1 ಚದರ ಮಿಲಿಮೀಟರ್ ತಂತಿ ಸಾಕು. ಎರಡಕ್ಕೂ ಸೊಲೆನಾಯ್ಡ್ ಹತ್ತಿರವೇ 3 ಅಥವಾ 5 ಆಂಪಿಯರ್ ಫ್ಯೂಸ್ ಇರಲಿ, ಸೈಲೆನ್ಸರ್ ಪೈಪಿಂದ ದೂರ ಕಟ್ಟಿ. ಎರಡೂ ಬಲ್ಬಿನ ಇನ್ನೊಂದು ತುದಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೇ ಹೋಗಬೇಕು, ಬಾಡಿಗಲ್ಲ. ಬೋಲ್ಟುಗಳನ್ನು ಮುಟ್ಟುವ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚಿಡುವುದನ್ನು ಮರೆಯಬೇಡಿ.

ಇನ್ನು ಗಾಡಿ ಎಂದಿನಂತೆ ಓಡಿಸಿ. ಕೈಕೊಟ್ಟ ಗಳಿಗೆಯಲ್ಲಿ ಕೀ ತಿರುಗಿಸಿ ಹಿಡಿದು ಬಲ್ಬು ನೋಡಿ. ಎರಡೂ ಉರಿಯದಿದ್ದರೆ ತೊಂದರೆ ಕೀ ಕಡೆಯದು: ಸ್ವಿಚ್ಚು, ಕನೆಕ್ಟರ್, ಇಲ್ಲವೇ ಯಾರೋ ಹಿಂದೆ ಹಾಕಿಸಿದ ಕಳ್ಳತನದ ಅಲಾರಮ್ಮಿನ ಕಟ್-ಆಫ್ ರಿಲೇ. ಮೊದಲನೆಯದು ಮಂಕಾಗಿ ಉರಿದು ಟಕ್ ಬಾರದಿದ್ದರೂ ಅದೇ ದಾರಿಯ ದೋಷ, ವೋಲ್ಟೇಜು ಸೋರುತ್ತಿದೆ. ಮೊದಲನೆಯದು ಜೋರಾಗಿ ಉರಿದು, ಟಕ್ ಕೇಳಿ, ಎರಡನೆಯದು ಉರಿಯದಿದ್ದರೆ ಸೊಲೆನಾಯ್ಡ್ ಕಾಂಟ್ಯಾಕ್ಟ್ ಸುಟ್ಟಿದೆ, ಅನುಮಾನವೇ ಬೇಡ. ಶಬ್ದವೇ ಇಲ್ಲದೆ ಎರಡೂ ಜೋರಾಗಿ ಉರಿದರೆ? ಎಳೆಯುವ ಸುತ್ತಿನ ಮೂಲಕ ಮೋಟಾರ್ ಬೋಲ್ಟಿಗೆ ವೋಲ್ಟೇಜ್ ಬಂದು ನಿಂತಿದೆ, ಅಲ್ಲಿಂದ ಮುಂದೆ ದಾರಿ ಇಲ್ಲ. ಅಂದರೆ ಬ್ರಷ್ ಮುಟ್ಟುತ್ತಿಲ್ಲ, ಅಥವಾ ಎಂಜಿನ್ನಿಗೆ ಅರ್ಥ್ ಇಲ್ಲ. ಇವೆರಡನ್ನು ಬೇರ್ಪಡಿಸಲು ಒಂದು ಜಂಪರ್ ಕೇಬಲ್ ಸಾಕು. ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿನ ಬರಿಯ ಕಬ್ಬಿಣಕ್ಕೆ ಹಿಡಿಸಿ ಕೀ ತಿರುಗಿಸಿ. ಸ್ಟಾರ್ಟ್ ಆದರೆ ಅರ್ಥ್ ದೋಷ, ಆಗದಿದ್ದರೆ ಬ್ರಷ್. ಟಕ್ ಎಂದು ಎರಡೂ ಮಂಕಾದರೆ ಬ್ಯಾಟರಿ ಮತ್ತು ಪಾಸಿಟಿವ್ ಕೇಬಲ್ ನೋಡಿ. ಅವು ಗಟ್ಟಿಯಿದ್ದರೆ ಮೋಟಾರು ಬಿಗಿದಿದೆ.

ದೋಷವನ್ನು ಬೇಕೆಂದೇ ಬರಿಸುವುದಾದರೆ ಮೈಸೂರಿನವರಿಗೆ ಚಾಮುಂಡಿ ಬೆಟ್ಟವೇ ಒಳ್ಳೆಯ ಟೆಸ್ಟ್ ಬೆಂಚು, ಮಂಡ್ಯದವರಿಗೆ ಮೇಲುಕೋಟೆ. ಎರಡನೇ, ಮೂರನೇ ಗೇರಿನಲ್ಲಿ ಹತ್ತಿಸಿ, ಮೇಲೆ ಬಾನೆಟ್ ಮುಚ್ಚಿಯೇ ಎಂಜಿನ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಓಡುವಾಗ ಬೀಸುವ ಗಾಳಿ ನಿಂತು, ಬ್ಲಾಕು, ಸೈಲೆನ್ಸರ್ ಪೈಪಿನ ಶಾಖವೆಲ್ಲ ಸೊಲೆನಾಯ್ಡಿಗೆ ಏರುವುದು ಈ ಹೊತ್ತಿನಲ್ಲೇ. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ಸೆಲ್ಫ್ ಕೈಕೊಟ್ಟರೂ ಉರುಳಿಸಿ ಎರಡನೇ ಗೇರಿನಲ್ಲಿ ಸ್ಟಾರ್ಟ್ ಮಾಡಬಹುದು. ಎಂಜಿನ್ ಹಿಡಿಯುವವರೆಗೆ ಬ್ರೇಕ್ ಬೂಸ್ಟರಿನ ಸಹಾಯ ಸರಿಯಾಗಿ ಸಿಗದು ಎಂಬ ಎಚ್ಚರ ಇರಲಿ. ಆಷಾಢ ಶುಕ್ರವಾರ, ದಸರೆಯ ದಿನಗಳಲ್ಲಿ ಈ ಪ್ರಯೋಗ ಬೇಡ, ಬೆಟ್ಟಕ್ಕೆ ಗಾಡಿ ಬಿಡುವುದೂ ಕಷ್ಟ, ದಾರಿಗೆ ಅಡ್ಡ ನಿಲ್ಲುವುದೂ ತಪ್ಪು.

ಬಲ್ಬು ದಿಕ್ಕು ತೋರಿಸುತ್ತದೆ, ಮಲ್ಟಿಮೀಟರ್ ಲೆಕ್ಕ ಕೊಡುತ್ತದೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸುತ್ತ ಅಳೆಯಬೇಕು. ಎಂಜಿನ್ ಸ್ಟಾರ್ಟ್ ಆಗಬಾರದು: ಸ್ಟಾಪ್ ಕೇಬಲ್ ಇರುವ ಡೀಸೆಲ್ಲಿನಲ್ಲಿ ಅದನ್ನು ಎಳೆದಿಟ್ಟುಕೊಳ್ಳಿ, ಇಂಜೆಕ್ಷನ್ ಜಿಪ್ಸಿಯಲ್ಲಿ ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆಯಿರಿ. ಗೇರ್ ಮತ್ತು ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಬಲ ಹಂಚುವ ಗೇರ್ ಪೆಟ್ಟಿಗೆ) ಎರಡೂ ನ್ಯೂಟ್ರಲ್, ಚಕ್ರಕ್ಕೆ ಕಲ್ಲು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ಲಿನಲ್ಲಿದ್ದರೆ ಗೇರು ಹಾಕಿದ್ದರೂ ಗಾಡಿ ಹಿಡಿದು ನಿಲ್ಲುವುದಿಲ್ಲ, ಆದ್ದರಿಂದ ಕಲ್ಲು ಬೇಕೇ ಬೇಕು. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಅರ್ಧ ನಿಮಿಷವಾದರೂ ಬಿಡುವು.

ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಕಂಬಗಳ (ಸೀಸದ ಟರ್ಮಿನಲ್ಲು) ಮೇಲೇ 9.6ಕ್ಕಿಂತ ಕೆಳಗಿಳಿಯಬಾರದು. ನಂತರ ಒಂದು ಪಿನ್ನನ್ನು ಬ್ಯಾಟರಿ ಪಾಸಿಟಿವ್ ಕಂಬಕ್ಕೆ, ಇನ್ನೊಂದನ್ನು ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿಗೆ ಹಿಡಿಯಿರಿ. ಹೊಡೆಯುವಾಗ 0.5 ವೋಲ್ಟಿಗಿಂತ ಹೆಚ್ಚು ಬಂದರೆ ಕೇಬಲ್ ಅಥವಾ ಲಗ್ (ಕೇಬಲ್ ತುದಿಯ ಲೋಹದ ಹಿಡಿ) ಕೆಟ್ಟಿದೆ. ಬ್ಯಾಟರಿ ನೆಗೆಟಿವ್ ಕಂಬದಿಂದ ಮೋಟಾರಿನ ಬಾಡಿಗೆ 0.2ರಿಂದ 0.3ರ ಒಳಗಿರಬೇಕು. ಬ್ಯಾಟರಿ ಬೋಲ್ಟಿನಿಂದ ಮೋಟಾರ್ ಬೋಲ್ಟಿಗೆ 0.3 ಮೀರಿದರೆ ಕಾಂಟ್ಯಾಕ್ಟ್ ಸುಟ್ಟಿದೆ. ಪಿನ್ನನ್ನು ಕೇಬಲ್ ಲಗ್ಗಿನ ಮೇಲೆ ಇಡದೆ ಕಂಬದ ಸೀಸದ ಮೇಲೆಯೇ ಇಡಬೇಕು. ಲಗ್ಗು–ಕಂಬದ ನಡುವಿನ ಬಿಳಿ ಪುಡಿಯೇ ಅಪರಾಧಿಯಾಗಿರುವುದು ಎಷ್ಟೋ ಸಲ.

ಅರ್ಥಿನ ವಿಷಯದಲ್ಲಿ ನಮ್ಮ ಕಡೆಯ ಜೀಪುಗಳಿಗೆ ಒಂದು ವಿಶೇಷ ಕಾಯಿಲೆ ಇದೆ. ಬ್ಯಾಟರಿ ನೆಗೆಟಿವ್ ಚಾಸಿಗೆ ಹೋಗುತ್ತದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ಚಾಸಿಗೂ ಎಂಜಿನ್ನಿಗೂ ಸಂಬಂಧ ಒಂದು ಹೆಣೆದ ತಾಮ್ರದ ಪಟ್ಟಿಯಿಂದ ಮಾತ್ರ. ರೆಸ್ಟೋರೇಶನ್ ಹೆಸರಿನಲ್ಲಿ ಚಾಸಿಗೆ ಚೆಂದದ ಪೇಂಟ್ ಹೊಡೆದು, ಆ ಪೇಂಟಿನ ಮೇಲೆಯೇ ಪಟ್ಟಿಯ ಬೋಲ್ಟು ಬಿಗಿದಿರುತ್ತಾರೆ. ಲೈಟು, ಹಾರನ್ನಿಗೆ ಅದು ಸಾಕಾಗುತ್ತದೆ, ಸೆಲ್ಫಿಗೆ ಸಾಲದು. ಹೊಡೆದಾಗ ಆಕ್ಸಿಲರೇಟರ್ ಕೇಬಲ್ಲೋ ಸ್ಪೀಡೋಮೀಟರ್ ಕೇಬಲ್ಲೋ ಬಿಸಿಯಾದರೆ ಕರೆಂಟು ಆ ದಾರಿ ಹಿಡಿದಿದೆ ಎಂದರ್ಥ. ಪಟ್ಟಿಯ ಎರಡೂ ಕಡೆ ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲ್ಗಡೆ ಗ್ರೀಸ್ ಸವರಿ. ಬ್ಯಾಟರಿಯಿಂದ ನೇರ ಮೋಟಾರಿನ ಫ್ಲೇಂಜ್ ಬೋಲ್ಟಿಗೆ ಇನ್ನೊಂದು ದಪ್ಪ ಅರ್ಥ್ ಕೇಬಲ್ ಎಳೆದರೆ ಇನ್ನೂ ಒಳ್ಳೆಯದು.

ಕೇಬಲ್ಲಿನ ದಪ್ಪಕ್ಕೂ ಲೆಕ್ಕ ಇದೆ. ಎಂಎಂ540ಯ 2,112 ಸಿಸಿ ಪೂಜೊ ಡೀಸೆಲ್‌ನಂಥ ಎಂಜಿನ್ ತಿರುಗಿಸಲು ಸುಮಾರು 250 ಆಂಪಿಯರ್ ಇಟ್ಟುಕೊಳ್ಳಿ. ಒಂದೂವರೆ ಮೀಟರ್ ಉದ್ದದ 16 ಚದರ ಮಿಲಿಮೀಟರ್ ಕೇಬಲ್ಲಿನಲ್ಲಿ 0.4 ವೋಲ್ಟ್ ಸೋರುತ್ತದೆ, 35ರದ್ದಾದರೆ 0.19. ಡೀಸೆಲ್ಲಿಗೆ 35 ಕನಿಷ್ಠ, 50 ಉತ್ತಮ. 1,298 ಸಿಸಿ ಜಿಪ್ಸಿಗೆ 25 ಸಾಕು. ವೆಲ್ಡಿಂಗ್ ಕೇಬಲ್ ಹಾಕಿಕೊಡುವುದು ಇಲ್ಲಿ ರೂಢಿ, ತಪ್ಪೇನಿಲ್ಲ. ಆದರೆ ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರಬಹುದು, ವಾಪಸು ಕೊಡಿ. ಲಗ್ಗನ್ನು ಸುತ್ತಿಗೆಯಲ್ಲಿ ಚಚ್ಚಿ ಕೂರಿಸದೆ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಬೇಕು. ಅಗ್ಗದ ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕಿಸಿದವರು ಅದರ ಎರಡು ಬೋಲ್ಟುಗಳ ನಡುವೆಯೂ ಅಳೆದು ನೋಡಿ. ಅಲ್ಲಿ ಅರ್ಧ ವೋಲ್ಟ್ ಹೋಗುತ್ತಿದ್ದರೆ ಬೇರೆಲ್ಲೂ ಹುಡುಕಬೇಕಿಲ್ಲ.

ಕೀ ಟರ್ಮಿನಲ್ಲಿಗೆ ಹೊಡೆಯುವಾಗ ಬರುವ ವೋಲ್ಟೇಜು ಬ್ಯಾಟರಿಯ ಆ ಹೊತ್ತಿನ ವೋಲ್ಟೇಜಿಗಿಂತ 1 ವೋಲ್ಟಿಗೂ ಮೀರಿ ಕಡಿಮೆ ಇದ್ದರೆ ಮೋಟಾರು ಬಿಚ್ಚಿಸಬೇಡಿ, ರಿಲೇ ಹಾಕಿಸಿ. ಕೆಲವೇ ನೂರು ರೂಪಾಯಿಯ ಈ ಕೆಲಸದಷ್ಟು ಫಲ ಕೊಡುವುದು ಹಳೇ ಜೀಪಿನಲ್ಲಿ ಇನ್ನೊಂದಿಲ್ಲ. ನಾಲ್ಕು ಪಿನ್ನಿನ 12 ವೋಲ್ಟ್, 40 ಆಂಪಿಯರ್ ರಿಲೇ, ಒಳ್ಳೆಯ ಕಂಪನಿಯದು. ಕೀಯಿಂದ ಬರುತ್ತಿದ್ದ ತಂತಿಯನ್ನು ಸೊಲೆನಾಯ್ಡಿಂದ ಬಿಡಿಸಿ 86ಕ್ಕೆ, 85ನ್ನು ಎಂಜಿನ್ ಅರ್ಥಿಗೆ. ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿನಿಂದ 40 ಆಂಪಿಯರ್ ಫ್ಯೂಸ್ ಮೂಲಕ 4 ಚದರ ಮಿಲಿಮೀಟರ್ ತಂತಿ 30ಕ್ಕೆ, 87ರಿಂದ ಅದೇ ದಪ್ಪದ ತಂತಿ ಕೀ ಟರ್ಮಿನಲ್ಲಿಗೆ. ರಿಲೇ ಪಿನ್ನುಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ. ಫೈರ್‌ವಾಲಿನ ಮೇಲ್ಭಾಗ ಸರಿಯಾದ ಜಾಗ, ಗದ್ದೆ ಬದುವಿನ ಕೆಸರು ಅಲ್ಲಿಗೆ ಏರದು. ಕಳಪೆ ರಿಲೇ ಹಾಕಿದರೆ ಅದರ ಕಾಂಟ್ಯಾಕ್ಟ್ ಒಳಗೇ ಬೆಸೆದುಕೊಂಡು ಕೀ ಬಿಟ್ಟರೂ ಸೆಲ್ಫ್ ಓಡುತ್ತಲೇ ಇರುವ ಅಪಾಯವಿದೆ. ಇಲ್ಲಿ ಚೌಕಾಸಿ ಬೇಡ. ಸ್ಕ್ರೂಡ್ರೈವರ್ ಇಟ್ಟು ಬೋಲ್ಟು ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವ ಅಭ್ಯಾಸವಂತೂ ಬಿಟ್ಟುಬಿಡಿ. ಗೇರಿನಲ್ಲಿದ್ದ ಗಾಡಿ ಮೈಮೇಲೆ ಬಂದ ಮೇಲೆ ಹೇಳಲು ಏನೂ ಉಳಿದಿರುವುದಿಲ್ಲ.

ಸುತ್ತಿಗೆಯ ಏಟಿನ ಬಗ್ಗೆ. ಮೋಟಾರಿನ ಬಾಡಿಗೆ ಮೆಲ್ಲಗೆ ತಟ್ಟಿದರೆ ಸ್ಟಾರ್ಟ್ ಆಗುತ್ತದೆ ಎಂದರೆ ಬ್ರಷ್ ಸಿಕ್ಕಿಕೊಂಡಿದೆ ಅಥವಾ ಸವೆದಿದೆ. ಸೊಲೆನಾಯ್ಡಿನ ಕೊನೆಗೆ ತಟ್ಟಿದಾಗ ಆದರೆ ಕಾಂಟ್ಯಾಕ್ಟ್. ಗೇರು ಹಾಕಿ ಗಾಡಿಯನ್ನು ಹಿಂದೆ ಮುಂದೆ ತೂಗಿದ ಮೇಲೆ ಹಿಡಿದರೆ ರಿಂಗ್ ಗೇರ್ ಸವೆತ ಅಥವಾ ಪಿನಿಯನ್ ಸಿಕ್ಕುವಿಕೆ. ನಾಲ್ಕು ಸಿಲಿಂಡರಿನ ಎಂಜಿನ್ ಹೆಚ್ಚಾಗಿ ಎದುರುಬದುರಿನ ಎರಡು ಜಾಗಗಳಲ್ಲೇ ನಿಲ್ಲುವುದರಿಂದ ಅಲ್ಲಿಯ ಹಲ್ಲುಗಳೇ ಸವೆಯುತ್ತವೆ. ಪರೀಕ್ಷೆಗೆ ಇಷ್ಟು ಸಾಕು, ಏಟನ್ನೇ ಚಿಕಿತ್ಸೆ ಮಾಡಿಕೊಳ್ಳಬಾರದು. ಪರ್ಮನೆಂಟ್ ಮ್ಯಾಗ್ನೆಟ್ ಇರುವ ಗೇರ್ ರಿಡಕ್ಷನ್ (ಒಳಗೇ ವೇಗ ತಗ್ಗಿಸುವ ಗೇರಿರುವ) ಮೋಟಾರುಗಳಿಗೆ ತಟ್ಟಲೇಬಾರದು, ಮ್ಯಾಗ್ನೆಟ್ ಸೀಳಿ ಆರ್ಮೇಚರ್ (ಮೋಟಾರಿನ ಸುತ್ತುವ ಒಳಭಾಗ) ಹಾಳಾಗುತ್ತದೆ.

ದೋಷ ಮೋಟಾರಿನಲ್ಲೇ ಎಂದು ಖಚಿತವಾದ ಮೇಲೆ ಓವರ್‌ಹಾಲಿಗೆ ಕೊಡಿ. "ಅಣ್ಣಾ, ಕಾಂಟ್ಯಾಕ್ಟ್ ಮೇಲೆ ಇಷ್ಟು ವೋಲ್ಟ್ ಡ್ರಾಪ್ ಬರ್ತಾ ಇದೆ, ಬಿಸಿಯಾದಾಗ ಮಾತ್ರ" ಎಂದು ಅಳತೆ ಸಮೇತ ಹೇಳುವ ಗಿರಾಕಿಗೆ ಸಿಗುವ ಕೆಲಸವೇ ಬೇರೆ, ಇದು ಈ ಅಂಗಡಿಗಳ ಬಗ್ಗೆ ಮೆಚ್ಚಿ ಹೇಳಬೇಕಾದ ಮಾತು. ವಿಷಯ ಗೊತ್ತಿರುವವರ ಜೊತೆ ಅವರು ಮನಸ್ಸಿಟ್ಟು ಮಾತಾಡುತ್ತಾರೆ, ಬಿಚ್ಚಿದ್ದನ್ನು ತೋರಿಸುತ್ತಾರೆ.

ಅಲ್ಲಿ ಕಣ್ಣಿಟ್ಟು ನೋಡಬೇಕಾದ ಜಾಗ ಕಮ್ಯುಟೇಟರ್. ಲೇತಿನಲ್ಲಿ ಉಜ್ಜಿದ ಮೇಲೆ ತಾಮ್ರ ಹೊಳೆಯುತ್ತದೆ, ನೋಡಲು ಹೊಸದರಂತೆ. ಆದರೆ ಎರಡು ತಾಮ್ರದ ಪಟ್ಟಿಗಳ ನಡುವಿನ ಮೈಕಾ (ಕರೆಂಟು ತಡೆಯುವ ಅಭ್ರಕ) ಕೂಡ ಅದೇ ಮಟ್ಟಕ್ಕೆ ಬಂದಿರುತ್ತದೆ. ಮೈಕಾ ತಾಮ್ರಕ್ಕಿಂತ ಗಟ್ಟಿ. ತಾಮ್ರ ಸವೆದಂತೆ ಅದು ಮೇಲೆದ್ದು ಬ್ರಷ್ಷನ್ನು ಎತ್ತಿ ಹಿಡಿಯುತ್ತದೆ, ಕಿಡಿ ಹಾರುತ್ತದೆ, ಕೆಲವೇ ತಿಂಗಳಲ್ಲಿ ಹಳೇ ಕಥೆ. ತಯಾರಕರು ಕೊರೆಯಬಾರದು ಎಂದು ಹೇಳಿರದಿದ್ದರೆ (ಕೆಲವು ಹಳೇ ಲ್ಯೂಕಾಸ್ ಮೋಟಾರಿಗೆ ಹಾಗೆ ಹೇಳಿದ್ದಾರೆ), ತುದಿ ಅರೆದ ಹ್ಯಾಕ್ಸಾ ಬ್ಲೇಡಿನಿಂದ ಪ್ರತಿ ಸಂದಿನ ಮೈಕಾವನ್ನು ಅರ್ಧ ಮಿಲಿಮೀಟರಿನಷ್ಟು ಕೆಳಕ್ಕೆ ಕೊರೆಯಬೇಕು, ಅಂಚಿನ ಚೂರು ತೆಗೆದು, ಎಮರಿ ಬಳಸದೆ ನುಣ್ಣನೆ ಗ್ಲಾಸ್ ಪೇಪರಿನಲ್ಲಿ ಉಜ್ಜಬೇಕು. ಎಮರಿಯ ಪುಡಿ ಕರೆಂಟು ಹರಿಸಬಲ್ಲದು, ಸಂದಿನಲ್ಲಿ ಕೂತರೆ ಶಾರ್ಟ್. ಬೆರಳಿನ ಉಗುರನ್ನು ಕಮ್ಯುಟೇಟರಿನ ಅಡ್ಡಕ್ಕೆ ಎಳೆದು ನೋಡಿ, ಪ್ರತಿ ಸಂದಿನಲ್ಲೂ ಸಣ್ಣಗೆ ತಡೆಯಬೇಕು. ಜಾರಿಹೋದರೆ ಮೈಕಾ ಕೊರೆದಿಲ್ಲ. ಹೆಚ್ಚು ಅಂಗಡಿಗಳಲ್ಲಿ ಕೇಳದೆ ಮಾಡದ ಕೆಲಸ ಇದು, ಕೇಳಿದರೆ ಬೇಸರವಿಲ್ಲದೆ ಮಾಡುತ್ತಾರೆ.

ಬುಷ್ ವಿಷಯದಲ್ಲೂ ಒಂದು ಮಾತು. ಸರಂಧ್ರ ಕಂಚಿನ ಬುಷ್ಷನ್ನು ಹಾಕುವ ಮುಂಚೆ ತಿಳಿ ಎಂಜಿನ್ ಆಯಿಲ್ಲಿನಲ್ಲಿ 24 ಗಂಟೆ ನೆನೆಸಬೇಕು. ಅವಸರವಿದ್ದರೆ 100 ಡಿಗ್ರಿ ಬಿಸಿ ಆಯಿಲ್ಲಿನಲ್ಲಿ 2 ಗಂಟೆ. ಒಣಗಿದ್ದನ್ನೇ ತಟ್ಟಿ ಕೂರಿಸಿ ಮೇಲೆ ಗ್ರೀಸ್ ಬಳಿದರೆ ಬೇಗ ಸವೆದು ಆರ್ಮೇಚರ್ ಕೆಳಗಿಳಿಯುತ್ತದೆ, ಪೋಲ್ ಷೂಗೆ (ಫೀಲ್ಡ್ ಕಾಯಿಲ್ ಹಿಡಿಯುವ ಕಬ್ಬಿಣದ ತುಂಡು) ಉಜ್ಜುತ್ತದೆ, ಬಿಸಿಯಾದಾಗ ಬಿಗಿಯುತ್ತದೆ. ಸಂಜೆಯೊಳಗೆ ಮೋಟಾರು ಬೇಕೆಂದು ಅವಸರ ಮಾಡಿದರೆ ಈ ನೆನೆಸುವ ಹಂತವೇ ಮೊದಲು ತಪ್ಪುವುದು. ಒಂದು ರಾತ್ರಿ ಅಂಗಡಿಯಲ್ಲೇ ಬಿಡಿ.

ಸೊಲೆನಾಯ್ಡ್ ಹೊಸದು ಹಾಕಿದರೆ ಜೇಬಿನಲ್ಲೊಂದು ಮ್ಯಾಗ್ನೆಟ್ ಇರಲಿ. ಬೋಲ್ಟುಗಳಿಗೆ ಅಂಟಿದರೆ ಅದು ತಾಮ್ರ ಲೇಪಿಸಿದ ಕಬ್ಬಿಣ. ಅಂಥದ್ದಕ್ಕಿಂತ ನಿಮ್ಮ ಹಳೇ ಒರಿಜಿನಲ್ಲನ್ನೇ ಬಿಚ್ಚಿಸುವುದು ಮೇಲು. ಮುಚ್ಚಳದ ಬೆಸುಗೆ ಬಿಡಿಸಿ, ತಾಮ್ರದ ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿದರೆ ಸುಡದ ಮುಖ ಸಿಗುತ್ತದೆ, ಬಿಲ್ಲೆಯನ್ನು ಮಗುಚಿ ಹಾಕಬಹುದು. ಮತ್ತೆ ಬೆಸುಗೆ ಹಾಕುವಾಗ ದೊಡ್ಡ ಐರನ್ ಬೇಕು. ಅರೆಬರೆ ಬೆಸುಗೆ ಮತ್ತೊಂದು ಬಂದುಹೋಗುವ ದೋಷ.

ಬೆಂಡಿಕ್ಸನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ತೊಳೆಯುವುದನ್ನು ಕಂಡರೆ ತಡೆಯಿರಿ, ಒಳಗಿನ ಗ್ರೀಸ್ ತೊಳೆದುಹೋಗಿ ಕ್ಲಚ್ ಜಾರತೊಡಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಾಲೆ ಬಯಲಿನ ಗಾಡಿಗಳಲ್ಲಿ ಸ್ಪ್ಲೈನ್ (ಬೆಂಡಿಕ್ಸ್ ಜಾರುವ ಗೀರುಳ್ಳ ಕಡ್ಡಿ) ಮೇಲೆ ಕೆಸರು ಒಣಗಿ ಗಾರೆಯಾಗಿರುತ್ತದೆ, ಅದನ್ನು ಕೆರೆದು ತೆಳು ಎಣ್ಣೆ ಸವರಬೇಕು. ದಪ್ಪ ಗ್ರೀಸ್ ಮತ್ತೆ ದೂಳನ್ನೇ ಹಿಡಿಯುತ್ತದೆ. ಮೋಟಾರಿನೊಳಗೆ ಎಂಜಿನ್ ಆಯಿಲ್ ಕಂಡರೆ ಹಿಂದಿನ ಕ್ರ್ಯಾಂಕ್ ಸೀಲ್ ಸೋರಿ ಬೆಲ್ ಹೌಸಿಂಗ್ ಮೂಲಕ ಬರುತ್ತಿದೆ. ಸೀಲ್ ಬದಲಿಸದೆ ಬ್ರಷ್ ಬದಲಿಸಿದರೆ ದುಡ್ಡು ದಂಡ.

ಎಕ್ಸ್‌ಚೇಂಜ್ ನನಗೆ ಒಪ್ಪಿಗೆಯಿಲ್ಲ. ಪಿನಿಯನ್ ಹಲ್ಲಿನ ಎಣಿಕೆ, ತಿರುಗುವ ದಿಕ್ಕು, ಫ್ಲೇಂಜ್ ಬೋಲ್ಟಿನ ದೂರ ಎಲ್ಲ ತಾಳೆಯಾದರೂ ಒಳಗೆ ಯಾರ ಆರ್ಮೇಚರ್, ಎಷ್ಟು ಸಲ ಲೇತು ಕಂಡಿದೆ ಎಂದು ತಿಳಿಯುವ ದಾರಿಯಿಲ್ಲ. ಹಳೇ ಲ್ಯೂಕಾಸ್ ಟಿವಿಎಸ್ ಕಂಪನಿಯ ಮೋಟಾರಿನ ಬಾಡಿ, ಪೋಲ್ ಷೂ ಗಟ್ಟಿಮುಟ್ಟಾಗಿದ್ದರೆ ಅದನ್ನು ಕೈಬಿಡಬೇಡಿ. ಆರ್ಮೇಚರ್ ಗ್ರೌಲರ್ (ಸುತ್ತುಗಳ ಶಾರ್ಟ್ ಹುಡುಕುವ ಉಪಕರಣ) ಟೆಸ್ಟಿನಲ್ಲಿ ಶಾರ್ಟ್ ತೋರಿಸಿದರೆ, ಅಥವಾ ಕಮ್ಯುಟೇಟರ್ ಉಜ್ಜಿ ಉಜ್ಜಿ ತೆಳುವಾಗಿದ್ದರೆ ಮಾತ್ರ ಹೊಸದಕ್ಕೆ ಹೋಗಿ. ಹೊಸ ಗೇರ್ ರಿಡಕ್ಷನ್ ಮೋಟಾರು ಹಗುರ, ಕರೆಂಟೂ ಕಡಿಮೆ ಎಳೆಯುತ್ತದೆ, ಬ್ಯಾಟರಿ ಸ್ವಲ್ಪ ಸೊರಗಿದ್ದರೂ ಎಂಜಿನ್ ತಿರುಗಿಸುತ್ತದೆ. ಡಾಂಬರು ರಸ್ತೆಯ ಜಿಪ್ಸಿಗೆ ಚೆನ್ನ. ಕೆಸರಿನಲ್ಲಿ ಮುಳುಗೇಳುವ ಜೀಪಿಗೆ ಓವರ್‌ಹಾಲ್ ಆದ ಹಳೇ ಮೋಟಾರೇ ನನ್ನ ಆಯ್ಕೆ, ಏಕೆಂದರೆ ಅದನ್ನು ಮಳವಳ್ಳಿಯಲ್ಲೂ ಬಿಚ್ಚಿ ಸರಿಮಾಡಬಲ್ಲವರಿದ್ದಾರೆ.

ಕೆಲಸ ಮುಗಿದ ಮೇಲೆ ಅಂಗಡಿಯವರು ಮೋಟಾರನ್ನು ಕಾಲಲ್ಲಿ ಒತ್ತಿಹಿಡಿದು ಬ್ಯಾಟರಿ ಮುಟ್ಟಿಸಿ ಸುತ್ತಿ ತೋರಿಸುತ್ತಾರೆ. ಲೋಡ್ ಇಲ್ಲದೆ ಯಾವ ಮೋಟಾರೂ ಗಿರಗಿರ ಸುತ್ತುತ್ತದೆ, ಅದನ್ನು ಪರೀಕ್ಷೆ ಎಂದು ಒಪ್ಪಬೇಡಿ. ಗಾಡಿಗೆ ಕೂರಿಸಿ, ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ಹೊಡೆಸಿ. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ನಡೆಯದು. ಡೀಸೆಲ್ ಜೀಪು 200ರಿಂದ 300 ಆಂಪಿಯರ್ ಒಳಗೆ ಚುರುಕಾಗಿ ತಿರುಗಬೇಕು. ಆಂಪಿಯರ್ ಅದಕ್ಕಿಂತ ಬಹಳ ಮೇಲೇರಿ ಎಂಜಿನ್ ನಿಧಾನ ತಿರುಗಿದರೆ ಮೋಟಾರಿನೊಳಗೆ ಉಜ್ಜುತ್ತಿದೆ ಅಥವಾ ಶಾರ್ಟ್ ಇದೆ. ಆಂಪಿಯರ್ ತೀರಾ ಕಡಿಮೆ ಇದ್ದು ನಿಧಾನವಾದರೆ ಎಲ್ಲೋ ಸಂಪರ್ಕ ಸಡಿಲ. ಬದಲಿಸಿದ ಹಳೇ ಭಾಗಗಳನ್ನು ಕೇಳಿ ತೆಗೆದುಕೊಳ್ಳಿ, ಗ್ಯಾರಂಟಿಯನ್ನು ಬಿಲ್ಲಿನ ಮೇಲೆಯೇ ಬರೆಸಿ. ಡ್ಯಾಶ್‌ಬೋರ್ಡಿನ ಎರಡು ಬಲ್ಬನ್ನು ಮಾತ್ರ ಅಂದೇ ಕಿತ್ತುಹಾಕಬೇಡಿ. ಮತ್ತೊಮ್ಮೆ ಬೆಟ್ಟ ಹತ್ತಿಸಿ ಕಾದ ಎಂಜಿನ್ನಿನಲ್ಲಿ ಪರೀಕ್ಷೆ ಮಾಡಿ, ಅಲ್ಲೂ ಸ್ಟಾರ್ಟ್ ಆದರೆ ಬಲ್ಬು ಬಿಚ್ಚಿ, ಇಲ್ಲದಿದ್ದರೆ ಬಲ್ಬು ಏನು ತೋರಿಸಿತೋ ಅದನ್ನು ಬಿಲ್ಲಿನ ಹಿಂದೆ ಬರೆದುಕೊಂಡು ಗ್ಯಾರಂಟಿ ಮುಗಿಯುವ ಮೊದಲೇ ಅದೇ ಅಂಗಡಿಗೆ ಒಯ್ಯಿರಿ.